ಚೆರ್ವಿ ಮನೆಗೆ ಹೋಗುವವರಿಗೆ: ಮೊದಲು ಹೊಲ ನೋಡಿ, ಆಮೇಲೆ ಒಳಗೆ ಹೋಗಿ

ಇಟಲಿಗೆ ಹೋಗುವವರ ಪಟ್ಟಿಯಲ್ಲಿ ರೋಮ್, ಫ್ಲಾರೆನ್ಸ್, ವೆನಿಸ್ ಇದ್ದೇ ಇರುತ್ತವೆ. ಇರಲಿ, ತಪ್ಪೇನಿಲ್ಲ. ಆದರೆ ಬೊಲೊನ್ಯಾದಿಂದ ಮಿಲಾನ್ ಕಡೆಗೆ ಹೋಗುವ ದಾರಿಯಲ್ಲಿ, ರೆಜ್ಜೊ ಎಮಿಲಿಯಾ ಮತ್ತು ಪಾರ್ಮಾ ನಡುವೆ, ಗತ್ತಾತಿಕೊ ಅನ್ನೋ ಸಣ್ಣ ಊರಿನ ಬಯಲಲ್ಲಿ ಒಂದು ರೈತರ ಮನೆ ಇದೆ. ಹೆಸರು ಕಾಸಾ ಚೆರ್ವಿ. ಆ ಮನೆಯ ಏಳು ಜನ ಅಣ್ಣತಮ್ಮಂದಿರನ್ನು 1943ರ ಡಿಸೆಂಬರ್ 28ರ ಬೆಳಗ್ಗೆ ಮುಸೊಲಿನಿಯ ಕಡೆಯ ಫ್ಯಾಸಿಸ್ಟರು ಒಟ್ಟಿಗೆ ಗುಂಡಿಟ್ಟು ಕೊಂದರು. ಅವರು ಉತ್ತ ಹೊಲ, ದನ ಕಟ್ಟಿದ ಕೊಟ್ಟಿಗೆ, ಉಂಡು ಮಲಗಿದ ಮನೆ ಈಗ ಮ್ಯೂಸಿಯಂ. ಇಟಲಿಯ ಜನ ಫ್ಯಾಸಿಸ್ಟರ, ಜರ್ಮನರ ವಿರುದ್ಧದ ತಮ್ಮ ಪ್ರತಿರೋಧ ಹೋರಾಟವನ್ನು ನೆನೆಸಿಕೊಳ್ಳೋಕೆ ಹೋಗುವ ಜಾಗಗಳಲ್ಲಿ ಇದು ಮುಖ್ಯವಾದದ್ದು.

ಇಲ್ಲಿಗೆ ಬರುವವರು ಸಾಮಾನ್ಯವಾಗಿ ನೇರವಾಗಿ ಏಳು ಮುಖಗಳ ಫೋಟೊ ಮುಂದೆ ಹೋಗಿ ನಿಲ್ಲುತ್ತಾರೆ, ಒಂದಷ್ಟು ಹೊತ್ತು ಮನಸ್ಸು ಭಾರ ಮಾಡಿಕೊಳ್ಳುತ್ತಾರೆ, ಹೊರಟುಬಿಡುತ್ತಾರೆ. ಹಾಗೆ ನೋಡಿದರೆ ಸಾವು ಕಾಣುತ್ತೆ, ಆ ಜನ ಕಾಣಲ್ಲ. ಅವರ ರಾಜಕೀಯ ಹುಟ್ಟಿದ್ದು ಭಾಷಣದಿಂದ ಅಲ್ಲ, ಜಾಸ್ತಿ ಪಾಲು ಹುಟ್ಟಿದ್ದು ಬೇಸಾಯದಿಂದ. ಅದಕ್ಕೇ ಈ ಲೇಖನದಲ್ಲಿ ನಾನು ಹೇಳುವ ಕ್ರಮ ಸ್ವಲ್ಪ ಉಲ್ಟಾ.

1. ಹೊರಡುವ ಮುಂಚೆ ಮನೆಯವರ ಪರಿಚಯ ಮಾಡಿಕೊಳ್ಳಿ

ಅಪ್ಪ ಅಲ್ಚೀದೆ, 1875ರಲ್ಲಿ ಹುಟ್ಟಿದವರು. ಅಮ್ಮ ಜೆನೊಯೆಫ್ಫಾ ಕೊಕ್ಕೋನಿ. ಗಂಡುಮಕ್ಕಳು ಏಳು: ಜೆಲಿಂದೊ, ಅಂತೆನೋರೆ, ಆಲ್ದೊ, ಫೆರ್ದಿನಾಂದೊ, ಅಗೊಸ್ತೀನೊ, ಒವೀದಿಯೊ, ಎತ್ತೊರೆ. ದೊಡ್ಡವನು 1901ರಲ್ಲಿ ಹುಟ್ಟಿದವನು, ಕೊನೆಯವನು 1921ರಲ್ಲಿ. ಇಬ್ಬರು ಹೆಣ್ಣುಮಕ್ಕಳೂ ಇದ್ದರು, ದಿಯೊಮೀರಾ ಮತ್ತು ರೀನಾ. ಅವರನ್ನು ಎಲ್ಲರೂ ಮರೆತುಬಿಡುತ್ತಾರೆ. ನಾಲ್ವರು ಗಂಡುಮಕ್ಕಳಿಗೆ ಮದುವೆಯಾಗಿತ್ತು. ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಸೇರಿ ತುಂಬಿದ ಕೂಡು ಕುಟುಂಬ.

ಏಳು ಹೆಸರನ್ನೂ ಬಾಯಿಪಾಠ ಮಾಡಬೇಕಿಲ್ಲ. ಆಲ್ದೊನನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮ್ಯೂಸಿಯಂನಲ್ಲಿ ಅವನು ಮತ್ತೆ ಮತ್ತೆ ಸಿಗುತ್ತಾನೆ. ಸೈನ್ಯದಲ್ಲಿದ್ದಾಗ ಶಿಕ್ಷೆಯಾಗಿ ಗಯೇತಾದ ಮಿಲಿಟರಿ ಜೈಲಿಗೆ ಹೋದವನು ಇವನು. ಅಲ್ಲಿ ರಾಜಕೀಯ ಕೈದಿಗಳ ಸಹವಾಸ ಸಿಕ್ಕಿತು, ಓದುವ ಹುಚ್ಚು ಹಿಡಿಯಿತು, ಬರುವಾಗ ಕಮ್ಯುನಿಸ್ಟ್ ಆಗಿದ್ದ. ಮನೆಯಲ್ಲೋ, ಅಪ್ಪ ಅಮ್ಮ ಇಬ್ಬರೂ ದೇವರನ್ನು ನಂಬುವ ಕ್ಯಾಥೊಲಿಕ್ಕರು. ಎರಡೂ ಒಂದೇ ಅಡುಗೆಮನೆಯಲ್ಲಿ ಹೊಂದಿಕೊಂಡು ಹೋದವು. ಅದು ಹೇಗೆ ಅಂತ ತಲೆಯಲ್ಲಿಟ್ಟುಕೊಂಡು ಹೋಗಿ.

2. ಯಾವಾಗ ಹೋಗಬೇಕು

ಮೂರು ದಿನ ಇಲ್ಲಿ ವಿಶೇಷ. ಏಪ್ರಿಲ್ 25, ಇಟಲಿಯ ವಿಮೋಚನಾ ದಿನ. ಜುಲೈ 25, ಪಾಸ್ತಾ ಊಟದ ದಿನ (ಅದರ ಕಥೆ ಕೊನೆಗೆ ಹೇಳ್ತೀನಿ). ಡಿಸೆಂಬರ್ 28, ಏಳು ಜನ ಸತ್ತ ದಿನ. ಜನಜಾತ್ರೆ, ಹಾಡು, ಬಾವುಟ ಬೇಕು ಅಂದರೆ ಮೊದಲಿನ ಎರಡರಲ್ಲಿ ಒಂದನ್ನು ಹಿಡಿಯಿರಿ. ಆದರೆ ಅಂಥ ದಿನ ಮನೆಯನ್ನು ನಿಧಾನವಾಗಿ ನೋಡೋಕೆ ಆಗಲ್ಲ, ಅದನ್ನು ಮರೆಯಬೇಡಿ.

ನೋಡೋದೇ ಮುಖ್ಯ ಅಂದರೆ ಮೇ ತಿಂಗಳು ಒಳ್ಳೆಯದು. ಹುಲ್ಲು ಬೆಳೆದಿರುತ್ತೆ, ಬಿಸಿಲು ಹದವಾಗಿರುತ್ತೆ. ಜುಲೈ, ಆಗಸ್ಟಿನಲ್ಲಿ ಪೋ ನದಿಯ ಈ ಬಯಲು ಬೇಯುತ್ತೆ, ಗಾಳಿ ಅಲುಗಲ್ಲ, ಸಂಜೆಯಾದರೆ ಸೊಳ್ಳೆ. ನವೆಂಬರ್ ನಂತರ ಮಂಜು ಕವಿಯುತ್ತೆ. ಮಂಜಿನಲ್ಲಿ ಹೋಗೋದಕ್ಕೂ ಒಂದು ಅರ್ಥ ಇದೆ. ಆ ಮನೆಯನ್ನು ಫ್ಯಾಸಿಸ್ಟರು ಸುತ್ತುವರಿದದ್ದು ನವೆಂಬರ್ ಕೊನೆಯ ವಾರದ ಒಂದು ರಾತ್ರಿಯಲ್ಲೇ. ಆದರೆ ಹೊಲ ಕಾಣಲ್ಲ, ಮತ್ತು ಈ ಭೇಟಿಯಲ್ಲಿ ಹೊಲವೇ ಅರ್ಧ.

ಬಾಗಿಲು ತೆಗೆಯುವ ಹೊತ್ತು ಬೇಸಿಗೆ, ಚಳಿಗಾಲಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಆಗಸ್ಟ್ ನಡುವೆ ಇಡೀ ಇಟಲಿಯೇ ರಜೆ ಹಾಕಿರುತ್ತೆ. ಆದ್ದರಿಂದ ಹೋಗುವ ವಾರ ಮ್ಯೂಸಿಯಂಗೆ ಒಂದು ಮೇಲ್ ಹಾಕಿ ಕೇಳಿಬಿಡಿ. ಹಾಗೇ ಇಂಗ್ಲಿಷ್ ಬರುವ ಗೈಡ್ ಸಿಗ್ತಾರಾ ಅಂತಲೂ ಕೇಳಿ. ಅಲ್ಲಿನ ಬರಹ ಹೆಚ್ಚಾಗಿ ಇಟಾಲಿಯನ್ನಿನಲ್ಲಿದೆ. ಫೋನಿನಲ್ಲಿ ಅನುವಾದದ ಆ್ಯಪ್ ಇಟ್ಟುಕೊಂಡರೆ ಫಲಕ ಓದೋಕೆ ಸಾಕಾಗುತ್ತೆ, ಕೈಬರಹದ ಪತ್ರಗಳಿಗೆ ಅದು ಕೈಕೊಡುತ್ತೆ.

3. ತಲುಪೋದು ಹೇಗೆ

ಕಾರಿದ್ದರೆ ಸುಲಭ. ಎ1 ಹೆದ್ದಾರಿಯಲ್ಲಿ 'ತೆರ್ರೆ ದಿ ಕಾನೊಸ್ಸಾ–ಕಾಂಪೆಜಿನೆ' ಅನ್ನುವ ಕಡೆ ಇಳಿದುಕೊಂಡರೆ ಮನೆ ಹತ್ತಿರ.

ರೈಲಿನಲ್ಲಾದರೆ ಸಾಂತಿಲಾರಿಯೊ ದೆಂಝಾ ಅನ್ನೋ ಸಣ್ಣ ಸ್ಟೇಷನ್ನಿನಲ್ಲಿ ಇಳಿಯಬೇಕು. ರೆಜ್ಜೊ ಮತ್ತು ಪಾರ್ಮಾ ನಡುವೆ ಓಡುವ ಲೋಕಲ್ ರೈಲು ಇಲ್ಲಿ ನಿಲ್ಲುತ್ತೆ, ಫಾಸ್ಟ್ ರೈಲು ನಿಲ್ಲಲ್ಲ. ಲೋಕಲ್ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸಿ. ಮರೆತರೆ ದಂಡ. ಪ್ರವಾಸಿ, ಗೊತ್ತಿರಲಿಲ್ಲ ಅಂದರೆ ಕೇಳಲ್ಲ.

ಅಲ್ಲಿಂದ ಮುಂದೆ ಕೆಲವು ಕಿಲೊಮೀಟರ್ ಇದೆ. ಹಳ್ಳಿ ಬಸ್ಸನ್ನು, ಅದರಲ್ಲೂ ಭಾನುವಾರ, ನಂಬಿಕೊಂಡು ಹೋಗಬೇಡಿ. ಬಾಡಿಗೆ ಸೈಕಲ್ ಸಿಕ್ಕರೆ ಅದೇ ಒಳ್ಳೆಯದು. ನೆಲ ಎಲ್ಲೂ ಏರಿಲ್ಲ, ಇಳಿದಿಲ್ಲ. ಸೈಕಲ್ ತುಳಿಯುತ್ತಾ ಹೋದರೆ ಆ ಸೀಮೆಯ ಹೊಲ, ಕಾಲುವೆ, ಒಂಟಿ ಒಂಟಿಯಾಗಿ ನಿಂತ ದೊಡ್ಡ ತೋಟದ ಮನೆಗಳು ಕಣ್ಣಿಗೆ ಬೀಳುತ್ತವೆ. ಚೆರ್ವಿ ಮನೆಯೂ ಅವುಗಳ ಹಾಗೇ ಇದೆ, ವಾಸದ ಮನೆ, ಕೊಟ್ಟಿಗೆ, ಹುಲ್ಲಿನ ಅಟ್ಟ ಎಲ್ಲ ಅಂಟಿಕೊಂಡ ಒಂದೇ ಉದ್ದನೆಯ ಕಟ್ಟಡ.

4. ಒಳಗೆ ಹೋಗಬೇಡಿ, ಮೊದಲು ಹೊಲದ ಕಡೆ ತಿರುಗಿ

ಈ ಜಮೀನಿನ ಹೆಸರು ಕಾಂಪಿ ರೊಸ್ಸಿ. ಚೆರ್ವಿಯವರು ಇಲ್ಲಿಗೆ ಬಂದದ್ದು 1934ರಲ್ಲಿ. ಅದಕ್ಕೂ ಮುಂಚೆ ಅವರು ಪಾಲಿಗೆ ಉಳುವವರು. ಬೆಳೆದದ್ದರಲ್ಲಿ ಅರ್ಧ ಧಣಿಗೆ ಅಳೆಯಬೇಕು, ಏನು ಬಿತ್ತಬೇಕು ಅನ್ನೋದರಲ್ಲೂ ಧಣಿಯ ಮಾತೇ ನಡೆಯಬೇಕು. ಇಲ್ಲಿಗೆ ಬರುವಾಗ ಅವರು ಗೇಣಿದಾರರಾಗಿ ಬಂದರು. ಗೊತ್ತಾದ ಗೇಣಿ ಕಟ್ಟಿದರೆ ಆಯಿತು, ಬೇಸಾಯ ತಮ್ಮಿಷ್ಟ. ಜಮೀನು ಆಗಲೂ ಅವರದ್ದಲ್ಲ, ಆದರೆ ತಲೆ ಅವರದ್ದಾಯಿತು.

ಸಿಕ್ಕಿದ ಜಮೀನು ಕೆಟ್ಟದ್ದು. ಒಂದು ಕಡೆ ದಿಬ್ಬ, ಒಂದು ಕಡೆ ಗುಂಡಿ. ದಿಬ್ಬದ ಮೇಲೆ ನೀರು ನಿಲ್ಲಲ್ಲ, ಹುಲ್ಲು ಒಣಗುತ್ತೆ. ಗುಂಡಿಯಲ್ಲಿ ನಿಂತ ನೀರು ಹೋಗಲ್ಲ, ಬೇರು ಕೊಳೆಯುತ್ತೆ. ಕಾಲುವೆ ನೀರು ಬಿಟ್ಟರೂ ಇಡೀ ಹೊಲಕ್ಕೆ ಹರಡಲ್ಲ. ಅಣ್ಣತಮ್ಮಂದಿರು ದಿಬ್ಬ ಕಡಿದು, ಮಣ್ಣನ್ನು ಗಾಡಿಯಲ್ಲಿ ಹೇರಿ, ಗುಂಡಿಗೆ ಸುರಿದು, ಹೊಲವನ್ನು ಮಟ್ಟ ಮಾಡೋಕೆ ಶುರು ಮಾಡಿದರು. ಅಕ್ಕಪಕ್ಕದವರು ಇವರಿಗೆ ತಲೆ ಕೆಟ್ಟಿದೆ ಅಂದರು. ಬೇರೆಯವರ ಜಮೀನಿಗೆ ಯಾರಾದರೂ ಇಷ್ಟು ಬೆವರು ಸುರಿಸ್ತಾರಾ? ಆದರೆ ಮಟ್ಟ ಆದ ಮೇಲೆ ನೀರು ಒಂದೇ ಸಮ ಹರಿಯಿತು, ದನಗಳ ಮೇವಾದ ಲೂಸರ್ನ್ ಹುಲ್ಲು ಚೆನ್ನಾಗಿ ಬಂತು, ಹುಲ್ಲು ಬಂದ ಹಾಗೆ ದನ ಹೆಚ್ಚಿದವು, ದನ ಹೆಚ್ಚಿದ ಹಾಗೆ ಹಾಲು. ಇದು ಪಾರ್ಮಿಜಾನೊ ರೆಜ್ಜಾನೊ ಚೀಸಿನ ಸೀಮೆ, ಹಾಲಿದ್ದರೆ ದುಡ್ಡಿದೆ.

ಈಗ ನೀವು ನಿಂತು ನೋಡುವಾಗ ಇದು ಸುಮ್ನೆ ಒಂದು ಸಪಾಟು ಹೊಲ. ಫೋಟೊ ತೆಗೆಯೋಕೆ ಏನೂ ಇಲ್ಲ ಅನ್ನಿಸುತ್ತೆ. ಆ ಸಪಾಟೇ ನೋಡಬೇಕಾದದ್ದು. ನನ್ನ ಮಟ್ಟಿಗೆ ಈ ಇಡೀ ಜಾಗದಲ್ಲಿ ಅವರ ಕೈಕೆಲಸ ಅಂತ ಉಳಿದಿರೋದರಲ್ಲಿ ಅತಿ ದೊಡ್ಡದು ಇದೇ, ಆದರೆ ಅದರ ಮೇಲೆ ಯಾರ ಕಣ್ಣೂ ನಿಲ್ಲಲ್ಲ.

ಒಬ್ಬರ ಕಣ್ಣು ನಿಂತಿತ್ತು. 1954ರಲ್ಲಿ ಇಟಲಿಯ ರಾಷ್ಟ್ರಪತಿ ಲುಯಿಜಿ ಐನಾಉದಿ ಮುದುಕ ಅಲ್ಚೀದೆಯನ್ನು ಕರೆಸಿಕೊಂಡರು. ಐನಾಉದಿ ಅರ್ಥಶಾಸ್ತ್ರಜ್ಞರು, ಸ್ವತಃ ಜಮೀನು ಇಟ್ಟುಕೊಂಡವರು, ಕಮ್ಯುನಿಸ್ಟರಿಗೂ ಅವರಿಗೂ ಆಗಿಬರುತ್ತಿರಲಿಲ್ಲ. ಆದರೂ ಮಾತು ಹೊರಳಿದ್ದು ಹೊಲ ಮಟ್ಟ ಮಾಡಿದ ವಿಷಯಕ್ಕೆ. ಐನಾಉದಿ ನಡೆಸುತ್ತಿದ್ದ ಅರ್ಥಶಾಸ್ತ್ರದ ಪತ್ರಿಕೆಯನ್ನು ಈ ರೈತರ ಮನೆಯಲ್ಲಿ ಓದುತ್ತಿದ್ದರು ಅಂತ ಅವರಿಗೆ ಗೊತ್ತಾಯಿತು.

ಮನೆಯ ಸುತ್ತ ಈಗ ಒಂದು ಪಾರ್ಕ್ ಇದೆ, ಹೊಲದ ಅಂಚು, ಮರದ ಸಾಲು, ನೀರಿನ ಜಾಗ ಎಲ್ಲ ಉಳಿಸಿಕೊಂಡಿದ್ದಾರೆ. ಆರಾಮಾಗಿ ಒಂದು ಸುತ್ತು ಹಾಕಿ.

5. ಟ್ರ್ಯಾಕ್ಟರ್ ಮತ್ತು ಗ್ಲೋಬು

ಈಗ ಒಳಗೆ ಬನ್ನಿ. ಇಲ್ಲಿ ಎಲ್ಲರೂ ನಿಂತು ನೋಡುವ ವಸ್ತು ಒಂದು ಟ್ರ್ಯಾಕ್ಟರ್. ಲಾಂದಿನಿ ಕಂಪನಿಯ ಬಲಿಲ್ಲಾ, 1939ರಲ್ಲಿ ಕೊಂಡದ್ದು. ಲಾಂದಿನಿ ಅದೇ ರೆಜ್ಜೊ ಜಿಲ್ಲೆಯ ಫಾಬ್ರಿಕೊ ಊರಿನ ಕಂಪನಿ. ಆ ಕಾಲದ ಲಾಂದಿನಿಗಳನ್ನು ಕೀ ತಿರುಗಿಸಿ ಶುರು ಮಾಡೋಕಾಗಲ್ಲ. ಎಂಜಿನ್ನಿನ ಮುಂದುಗಡೆ ಗುಂಡನೆಯ ಕಬ್ಬಿಣದ ತಲೆ ಇರುತ್ತೆ. ಅದನ್ನು ಬೆಂಕಿಯ ಉರಿಯಿಂದ ಚೆನ್ನಾಗಿ ಕಾಯಿಸಬೇಕು, ಕಾದ ಮೇಲೆ ಚಕ್ರ ಹಿಡಿದು ತಿರುಗಿಸಬೇಕು, ಆಗ ಹತ್ತಿಕೊಳ್ಳುತ್ತೆ. ಮುಂದೆ ಹೋಗಿ ಆ ತಲೆಯನ್ನು ಹತ್ತಿರದಿಂದ ನೋಡಿ. ಇನ್ನೊಂದು ತಮಾಷೆ, ಬಲಿಲ್ಲಾ ಅನ್ನೋದು ಫ್ಯಾಸಿಸ್ಟರು ಶಾಲೆ ಮಕ್ಕಳಿಗೆ ಕವಾಯತು ಮಾಡಿಸುತ್ತಿದ್ದ ಸಂಘಟನೆಯ ಹೆಸರೂ ಹೌದು. ಮುಸೊಲಿನಿ ವಿರೋಧಿಗಳ ಮನೆಗೆ ಬಂದ ಟ್ರ್ಯಾಕ್ಟರಿಗೆ ಆ ಹೆಸರು!

ಅದನ್ನು ಕೊಂಡು ಮನೆಗೆ ಓಡಿಸಿಕೊಂಡು ಬಂದವನು ಆಲ್ದೊ. ಬರುವಾಗ ಟ್ರ್ಯಾಕ್ಟರಿನ ಮೇಲೆ ಒಂದು ಗ್ಲೋಬು ಇಟ್ಟುಕೊಂಡು ಬಂದ. ಯಂತ್ರ ಹೊಲಕ್ಕೆ, ಗ್ಲೋಬು ಮನೆಯವರಿಗೆ. ಈ ಗ್ಲೋಬಿನ ಕಥೆ ಇಟಲಿಯಲ್ಲಿ ಎಷ್ಟು ಸಲ ಹೇಳಲಾಗಿದೆ ಅಂದರೆ ಈಗ ಅದು ಚೆರ್ವಿಯವರ ಗುರುತೇ ಆಗಿಹೋಗಿದೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ಕಥೆಯನ್ನು ಇಲ್ಲಿಂದ ಶುರು ಮಾಡಿ, ಗುಂಡಿನಿಂದ ಅಲ್ಲ.

6. ಕೊಟ್ಟಿಗೆ, ಅಡುಗೆಮನೆ, ಮತ್ತು ಆ ರಾತ್ರಿ

ಕೊಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಕಳೆಯಿರಿ. ಆ ಸೀಮೆಯ ರೈತರು ಚಳಿಗಾಲದ ಸಂಜೆ ಕೊಟ್ಟಿಗೆಯಲ್ಲೇ ಸೇರುತ್ತಿದ್ದರು, ದನಗಳ ಮೈಬಿಸಿಗೆ ಸೌದೆ ಉಳಿಯುತ್ತಿತ್ತು. ಹೆಂಗಸರು ನೂಲುತ್ತಾ, ಗಂಡಸರು ಹಗ್ಗ ಹೊಸೆಯುತ್ತಾ, ಯಾರೋ ಕಥೆ ಹೇಳುತ್ತಾ. ಜೆನೊಯೆಫ್ಫಾ ಮಕ್ಕಳಿಗೆ ಪುಸ್ತಕ ಓದಿ ಹೇಳುತ್ತಿದ್ದ ತಾಯಿ. ಏಳು ಜನ ಓದುವ ರೈತರು ಹೇಗೆ ಬಂದರು ಅನ್ನೋದಕ್ಕೆ ಅರ್ಧ ಉತ್ತರ ಇಲ್ಲಿದೆ.

1943ರ ಸೆಪ್ಟೆಂಬರ್ 8ರಂದು ಇಟಲಿ ಮಿತ್ರರಾಷ್ಟ್ರಗಳ ಜೊತೆ ಕದನವಿರಾಮ ಮಾಡಿಕೊಂಡ ಸುದ್ದಿ ಹೊರಬಿತ್ತು, ಬೆನ್ನಲ್ಲೇ ಜರ್ಮನರು ದೇಶದ ಉತ್ತರ, ಮಧ್ಯ ಭಾಗವನ್ನು ಹಿಡಿದುಕೊಂಡರು. ಸೆರೆಶಿಬಿರಗಳಿಂದ ತಪ್ಪಿಸಿಕೊಂಡ ವಿದೇಶಿ ಸೈನಿಕರು ಬಯಲಿನ ತುಂಬ ಅಲೆಯುತ್ತಿದ್ದರು. ಚೆರ್ವಿ ಮನೆ ಅವರಿಗೆ ಬಾಗಿಲು ತೆರೆಯಿತು. ಊಟ, ಬಟ್ಟೆ, ಮಲಗೋಕೆ ಹುಲ್ಲಿನ ಅಟ್ಟ. ಅಣ್ಣತಮ್ಮಂದಿರು ಅಷ್ಟಕ್ಕೇ ನಿಲ್ಲಲಿಲ್ಲ, ಅಪೆನೈನ್ ಬೆಟ್ಟಕ್ಕೆ ಹತ್ತಿ ಸಶಸ್ತ್ರ ಹೋರಾಟವನ್ನೂ ಶುರು ಮಾಡಿದರು. ಇಷ್ಟು ಬೇಗ ಹೋರಾಟಕ್ಕೆ ಇಳಿದದ್ದು ಕಮ್ಯುನಿಸ್ಟ್ ಪಕ್ಷದ ಸ್ಥಳೀಯ ಮುಖಂಡರಿಗೇ ಹಿಡಿಸಿರಲಿಲ್ಲ, ಇವರು ಹೇಳಿದ ಮಾತು ಕೇಳಲ್ಲ, ದುಡುಕುತ್ತಾರೆ ಅನ್ನೋ ದೂರು. ಯುದ್ಧ ಮುಗಿದ ಮೇಲೆ ಎಲ್ಲರೂ ಅವರನ್ನು ತಮ್ಮವರು ಅಂದರು. ಗೈಡ್ ಇದ್ದರೆ ಈ ವಿಷಯವನ್ನು ಕೇಳಿಯೇ ಕೇಳಿ. ಹೂಮಾಲೆ ಹಾಕಿದ ಫೋಟೊಗಿಂತ ಈ ಜಗಳದಲ್ಲಿ ಆ ಹುಡುಗರು ಹೆಚ್ಚು ಜೀವಂತವಾಗಿ ಕಾಣುತ್ತಾರೆ.

ನವೆಂಬರ್ 25ರ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ಫ್ಯಾಸಿಸ್ಟ್ ಪಡೆ ಮನೆಯನ್ನು ಸುತ್ತುವರಿಯಿತು. ಗುಂಡಿನ ಚಕಮಕಿ ಆಯಿತು. ಹುಲ್ಲಿನ ಅಟ್ಟಕ್ಕೆ ಬೆಂಕಿ ಬಿತ್ತು. ಒಳಗೆ ಹೆಂಗಸರು, ಮಕ್ಕಳು. ಶರಣಾಗದೆ ಬೇರೆ ದಾರಿ ಇರಲಿಲ್ಲ. ಏಳು ಜನ ಮಕ್ಕಳು, ಅಪ್ಪ, ಜೊತೆಗಾರ ಕ್ವಾರ್ತೊ ಕಾಮುರ್ರಿ, ಅಡಗಿದ್ದ ವಿದೇಶಿಯರು, ಎಲ್ಲರನ್ನೂ ಹಿಡಿದುಕೊಂಡು ಹೋದರು.

ಡಿಸೆಂಬರ್ 27ರಂದು ಪಕ್ಕದ ಬಾಞೊಲೊ ಊರಿನ ಪಂಚಾಯತಿ ಕಾರ್ಯದರ್ಶಿಯನ್ನು ಹೋರಾಟಗಾರರು ಕೊಂದರು. ಸೇಡಿಗೆ ಮಾರನೆಯ ದಿನವೇ ರೆಜ್ಜೊ ಎಮಿಲಿಯಾದ ಗುಂಡು ಹೊಡೆಯುವ ತರಬೇತಿ ಮೈದಾನದಲ್ಲಿ ಏಳು ಜನರನ್ನೂ ಕಾಮುರ್ರಿಯನ್ನೂ ಕೊಂದರು. ಅಲ್ಚೀದೆ ಅದೇ ಊರಿನ ಜೈಲಿನಲ್ಲಿದ್ದರು, ಯಾರೂ ಹೇಳಲಿಲ್ಲ. 1944ರ ಜನವರಿಯಲ್ಲಿ ಬಾಂಬ್ ದಾಳಿಗೆ ಜೈಲಿನ ಗೋಡೆ ಒಡೆದಾಗ ಅವರು ತಪ್ಪಿಸಿಕೊಂಡು ಮನೆಗೆ ಬಂದರು. ಮಕ್ಕಳು ಎಲ್ಲೋ ಬೇರೆ ಜೈಲಿನಲ್ಲಿದ್ದಾರೆ ಅಂತಲೇ ನಂಬಿಕೊಂಡಿದ್ದರು. ಹೆಂಡತಿಗೆ ಸತ್ಯ ಗೊತ್ತಿತ್ತು, ಗಂಡ ಸ್ವಲ್ಪ ಚೇತರಿಸಿಕೊಳ್ಳಲಿ ಅಂತ ಬಾಯಿ ಬಿಡಲಿಲ್ಲ. ಎದುರಿಗೆ ಕೂತು ಊಟ ಬಡಿಸುತ್ತಾ.

ಅಡುಗೆಮನೆಗೆ ಹೋದಾಗ ಇದನ್ನು ನೆನೆಸಿಕೊಳ್ಳಿ. ಬೇರೆ ಏನೂ ಹೇಳಬೇಕಿಲ್ಲ.

7. ಹೆಂಗಸರ ಪಾಲನ್ನು ಹುಡುಕಿ ನೋಡಿ

1944ರ ಅಕ್ಟೋಬರಿನಲ್ಲಿ ಫ್ಯಾಸಿಸ್ಟರು ಬಂದು ಮತ್ತೆ ಬೆಂಕಿ ಇಟ್ಟರು. ಮರುತಿಂಗಳು ಜೆನೊಯೆಫ್ಫಾ ತೀರಿಕೊಂಡರು. ಉಳಿದವರು ನಾಲ್ವರು ಗಂಡ ಸತ್ತ ಸೊಸೆಯಂದಿರು, ಸಣ್ಣ ಮಕ್ಕಳು, ಎಪ್ಪತ್ತರ ಹತ್ತಿರದ ಮಾವ. ದನಗಳು ಯಾರಿಗೂ ಕಾದು ನಿಲ್ಲಲ್ಲ, ಹಾಲು ಹಿಂಡಲೇಬೇಕು, ಹುಲ್ಲು ಕೊಯ್ಯಲೇಬೇಕು. ಬೇಸಾಯ ನಿಲ್ಲಲಿಲ್ಲ. ಅಲ್ಚೀದೆ ಎದೆಯ ಮೇಲೆ ಏಳು ಬೆಳ್ಳಿ ಪದಕ ಹಾಕಿಕೊಂಡ ಫೋಟೊ ಇಟಲಿಯ ಮನೆಮನೆಗೂ ಗೊತ್ತು. ದೇಶ ಅವರನ್ನು ಪಪಾ ಚೆರ್ವಿ ಅಂತ ಕರೆಯಿತು. ಆದರೆ ಹೊಲವನ್ನು ಹೊತ್ತುಕೊಂಡವರು ಜಾಸ್ತಿಯಾಗಿ ಈ ಹೆಂಗಸರು. ಅವರ ಬಗ್ಗೆ ಫಲಕದ ಮೇಲಿನ ಮಾತು ಕಮ್ಮಿ, ಫೋಟೊ ಕಮ್ಮಿ. ಗುಂಪಿನ ಫೋಟೊಗಳಲ್ಲಿ ಅವರ ಮುಖ ಹುಡುಕಿ, ಗೈಡನ್ನು ಹೆಸರು ಕೇಳಿ.

ಅಲ್ಚೀದೆ 1970ರವರೆಗೆ ಬದುಕಿದ್ದರು, ಸಾಯುವಾಗ ತೊಂಬತ್ನಾಲ್ಕು. ಅವರಿರುವಾಗಲೇ ಜನ ತಂಡತಂಡವಾಗಿ ಬಂದು ಅಂಗಳದಲ್ಲಿ ಕೂತು ಅವರ ಮಾತು ಕೇಳಿ ಹೋಗುತ್ತಿದ್ದರು. ಅಂದರೆ ಸರ್ಕಾರ ಬೋರ್ಡು ಹಾಕುವ ಮುಂಚೆಯೇ ಜನ ಇದನ್ನು ಮ್ಯೂಸಿಯಂ ಮಾಡಿದ್ದರು. 1972ರಲ್ಲಿ ಅವರ ಹೆಸರಿನ ಸಂಸ್ಥೆ ಹುಟ್ಟಿತು. ರೈತರ ಸಂಘ, ಹಳೇ ಹೋರಾಟಗಾರರ ಸಂಘ, ರೆಜ್ಜೊ ಜಿಲ್ಲೆ, ಗತ್ತಾತಿಕೊ ಪಂಚಾಯತಿ ಸೇರಿ ಕಟ್ಟಿದ್ದು. ಇಟಲಿಯ ಹೊಲಗದ್ದೆಗಳ ಚರಿತ್ರೆ ಬರೆದ ಎಮಿಲಿಯೊ ಸೆರೇನಿ ಅವರ ಪುಸ್ತಕ ಸಂಗ್ರಹವೂ ಇಲ್ಲೇ ಇದೆ. ಕೃಷಿ ಚರಿತ್ರೆ ಓದುವವರು ಮೊದಲೇ ತಿಳಿಸಿ ಹೋದರೆ ಒಳ್ಳೆಯದು, ಉಳಿದವರು ಬಿಟ್ಟರೂ ನಡೆಯುತ್ತೆ.

8. ಸಮಯ ಇದ್ದರೆ ಇನ್ನೆರಡು ಕಡೆ

ಕಾಂಪೆಜಿನೆ ಹತ್ತಿರದಲ್ಲೇ ಇದೆ. ಏಳು ಜನರ ಸಮಾಧಿ ಅಲ್ಲಿನ ಸ್ಮಶಾನದಲ್ಲಿದೆ. ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರಿನಲ್ಲಷ್ಟೇ ಅವರಿಗೆ ಸರಿಯಾದ ಅಂತ್ಯಕ್ರಿಯೆ ಆದದ್ದು. 'ಒಂದು ಕೊಯ್ಲು ಮುಗಿದರೆ ಇನ್ನೊಂದು ಬರುತ್ತೆ' ಅನ್ನೋ ಅಲ್ಚೀದೆಯ ಮಾತು ನಿಮಗೆ ಎಲ್ಲ ಕಡೆ ಬರೆದದ್ದು ಕಾಣುತ್ತೆ, ಟೀ ಶರ್ಟಿನ ಮೇಲೂ. ಟೀ ಶರ್ಟು ಏನೇ ಮಾಡಲಿ, ಹೊಲ ನೋಡಿ ಬಂದವರಿಗೆ ಅದು ಉಪದೇಶದ ಹಾಗೆ ಕೇಳಿಸಲ್ಲ, ರೈತ ಲೆಕ್ಕ ಹೇಳಿದ ಹಾಗೆ ಕೇಳಿಸುತ್ತೆ.

ಇನ್ನೊಂದು ರೆಜ್ಜೊ ಎಮಿಲಿಯಾ ಊರಿನಲ್ಲಿರುವ ಆ ತರಬೇತಿ ಮೈದಾನ. ಚೆರ್ವಿಯವರ ಜೊತೆ ನಂಟಿದ್ದ, ಬೆಟ್ಟದ ತಾಪಿಞೊಲಾ ಊರಿನ ಪಾದ್ರಿ ಪಾಸ್ಕ್ವೀನೊ ಬೋರ್ಗಿಯವರನ್ನೂ 1944ರ ಜನವರಿ 30ರಂದು ಅಲ್ಲೇ ಕೊಂದರು. ಕಮ್ಯುನಿಸ್ಟ್ ರೈತರು, ಕ್ಯಾಥೊಲಿಕ್ ಪಾದ್ರಿ, ಜಾಗ ಒಂದೇ. ಎರಡೂ ಕಡೆ ಹೋಗೋಕೆ ಆಗಲ್ಲ ಅಂದರೆ ಸ್ಮಶಾನ ಬಿಟ್ಟು ಇಲ್ಲಿಗೆ ಬನ್ನಿ, ರೈಲು ಸ್ಟೇಷನ್ ಇರುವ ಊರಿಗೆ ಹೇಗೂ ಬರಲೇಬೇಕಲ್ವಾ.

9. ಜುಲೈ 25ರ ಪಾಸ್ತಾ

1943ರ ಜುಲೈ 25ರಂದು ಇಟಲಿಯ ರಾಜ ಮುಸೊಲಿನಿಯನ್ನು ಇಳಿಸಿದ. ಸುದ್ದಿ ಬಂದ ಬೆನ್ನಲ್ಲೇ ಚೆರ್ವಿಯವರು ಮಾಡಿದ ಕೆಲಸ ಅಂದರೆ ಊರಿಗೆಲ್ಲ ಊಟ ಹಾಕಿದ್ದು. ಯುದ್ಧದ ಕಾಲ, ಎಲ್ಲದಕ್ಕೂ ರೇಷನ್. ಹಿಟ್ಟು ಹೊಂದಿಸಿದರು, ಡೈರಿಯಿಂದ ಬೆಣ್ಣೆ, ಚೀಸು ಸಾಲ ತಂದರು, ಬೆಂದ ಪಾಸ್ತಾವನ್ನು ಹಾಲಿನ ಕ್ಯಾನುಗಳಿಗೆ ತುಂಬಿ ಗಾಡಿಯಲ್ಲಿ ಕಾಂಪೆಜಿನೆಯ ಚೌಕಕ್ಕೆ ಸಾಗಿಸಿದರು. ಬಂದವರಿಗೆಲ್ಲ ಬಡಿಸಿದರು. ಈಗ ಪ್ರತಿ ವರ್ಷ ಅದೇ ದಿನ ಈ ಅಂಗಳದಲ್ಲಿ, ಇಟಲಿಯ ಇನ್ನೂ ನೂರಾರು ಊರುಗಳಲ್ಲಿ ಅದೇ ಊಟ ನಡೆಯುತ್ತೆ. ಆ ದಿನ ಹೋಗೋದಾದರೆ ಸಂಜೆ ಬೇಗ ತಲುಪಿ, ಸಾಲು ಉದ್ದ ಇರುತ್ತೆ. ರಾತ್ರಿ ವಾಪಸ್ ಬರುವ ಗಾಡಿ ಮೊದಲೇ ಗೊತ್ತು ಮಾಡಿಕೊಳ್ಳಿ.

ಹೋಗೋಕಾಗದವರು ಮನೆಯಲ್ಲೇ ಮಾಡಬಹುದು. ಟೊಮ್ಯಾಟೊ ಸಾಸ್ ಬೇಡ, ಬೆಳ್ಳುಳ್ಳಿ ಬೇಡ. ಉಪ್ಪು ಹಾಕಿದ ಜಾಸ್ತಿ ನೀರಿನಲ್ಲಿ ಪಾಸ್ತಾ ಬೇಯಿಸಿ, ಸ್ವಲ್ಪ ಗಟ್ಟಿ ಇರುವಾಗಲೇ ಬಸಿಯಿರಿ, ಬೇಯಿಸಿದ ನೀರು ಒಂದು ಲೋಟ ಎತ್ತಿಟ್ಟುಕೊಳ್ಳಿ. ಒಲೆ ಆರಿಸಿ ಬೆಣ್ಣೆ ಹಾಕಿ, ತುರಿದ ಪಾರ್ಮಿಜಾನೊ ಹಾಕಿ, ಆ ನೀರನ್ನು ಚೂರು ಚೂರೇ ಸೇರಿಸುತ್ತಾ ಕಲಸಿ. ಉರಿಯ ಮೇಲೆ ಕಲಸಿದರೆ ಚೀಸು ಉಂಡೆ ಕಟ್ಟುತ್ತೆ. ನಾಲ್ಕು ಜನಕ್ಕೆ ಮಾಡಬೇಡಿ, ದೊಡ್ಡ ಪಾತ್ರೆ ಇಟ್ಟು ಪಕ್ಕದ ಮನೆಯವರನ್ನೂ ಕರೆಯಿರಿ, ಬಿಸಿ ಇರುವಾಗಲೇ ಬಡಿಸಿ.